ಧಣಿಯ ಖಾತೆಪುಸ್ತಕದಲ್ಲಿ ಇಲ್ಲದ್ದು

ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪವನ್ನು ಡೆನ್ಮಾರ್ಕ್ 1733ರಲ್ಲಿ ಫ್ರೆಂಚರಿಂದ ಕೊಂಡು, 1917ರಲ್ಲಿ ಅಮೆರಿಕಕ್ಕೆ ಮಾರಿತು. ಆ ಕಾಲದ ಕಾಗದಪತ್ರಗಳನ್ನು ಡೇನರು ಜೋಪಾನವಾಗಿಟ್ಟಿದ್ದಾರೆ. ಸುಮಾರು 50 ಲಕ್ಷ ಪುಟಗಳು 2017ರಲ್ಲಿ ಅಂತರ್ಜಾಲಕ್ಕೂ ಬಂದವು. ಆದರೆ ಹೆಚ್ಚಿನವು ಹಳೆಯ ಡ್ಯಾನಿಷ್ ಕೈಬರಹದಲ್ಲಿವೆ. ದ್ವೀಪದವರು ಆಡುವುದು ಇಂಗ್ಲಿಷ್. ಮೇಲಾಗಿ, ಬರೆದವರು ಬಹುತೇಕ ಧಣಿಗಳು, ಅಧಿಕಾರಿಗಳು. ಹಗಲೆಲ್ಲ ಕಬ್ಬು ಕಡಿದ ಆಫ್ರಿಕನ್ ಗುಲಾಮರು ರಾತ್ರಿ ಏನು ಬೇಯಿಸಿಕೊಂಡರು ಎಂಬುದು ಬರೆದವರ ಲೆಕ್ಕಕ್ಕೆ ಬೇಕಿರಲಿಲ್ಲ.

ಅದನ್ನು ಮಣ್ಣಿನಲ್ಲೇ ಹುಡುಕಬೇಕು. ಎಸ್ಟೇಟ್ ಲಿಟಲ್ ಪ್ರಿನ್ಸೆಸ್ ಎಂಬ ಹಳೆಯ ಕಬ್ಬಿನ ತೋಟದಲ್ಲಿ ಅಯಾನಾ ಫ್ಲೆವೆಲೆನ್, ಜಸ್ಟಿನ್ ಡನವಂಟ್ ಮೊದಲಾದ ಕಪ್ಪುಜನಾಂಗದ ಪುರಾತತ್ವಜ್ಞರು 2017ರಿಂದ ಈ ಕೆಲಸಕ್ಕಿಳಿದಿದ್ದಾರೆ. ಅವರು ಅಗೆಯಲು ಆರಿಸಿಕೊಂಡದ್ದು ಗುಲಾಮರ ಕೇರಿಯನ್ನು. ಜೊತೆಗೆ ಸೇರಿಸಿಕೊಂಡದ್ದು ದ್ವೀಪದ ಮಕ್ಕಳನ್ನು.

ತೆಳುವಾಗಿ ಪದರ ಪದರ ಕೆರೆದು, ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ಇಂಥ ಕೇರಿಗಳಲ್ಲಿ ಎಲುಬು, ಚಿಪ್ಪು, ಅಂಗಿಯ ಗುಂಡಿಗಳು ಸಿಗುತ್ತವೆ. ಯುರೋಪಿನ ಹೊಳೆಯುವ ಪಿಂಗಾಣಿಯ ಪಕ್ಕದಲ್ಲೇ, ತಿಗರಿಯಿಲ್ಲದೆ ಕೈಯಲ್ಲೇ ತಿದ್ದಿ ಬಯಲ ಬೆಂಕಿಯಲ್ಲಿ ಸುಟ್ಟ ಮಡಕೆಯ ಚೂರುಗಳೂ ಇರುತ್ತವೆ. ಬಿಳಿಮಣ್ಣಿನ ಚುಂಗಾಣಿಯ ತುಂಡುಗಳಂತೂ ಕಾಲ ಹೇಳುವ ಸಾಕ್ಷಿಗಳು. ಕಾಲ ಕಳೆದಂತೆ ಚುಂಗಾಣಿಯ ಕೊಳವೆ ಉದ್ದವಾಯಿತು, ಒಳಗಿನ ರಂಧ್ರ ಕಿರಿದಾಯಿತು: 1600ರ ಸುಮಾರಿಗೆ ಇಂಚಿನ 64ರಲ್ಲಿ 9 ಭಾಗ, 1750ರ ಬಳಿಕ 4 ಭಾಗ. ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ 1954ರಲ್ಲಿ ಇದನ್ನು ತೋರಿಸಿಕೊಟ್ಟರು. ಡ್ರಿಲ್ ಬಿಟ್ ತೂರಿಸಿ ನೋಡಿದರೆ ಅಳತೆ ಸಿಕ್ಕಿತು. ಶಾಲೆಯ ಹುಡುಗಿಯೂ ಮಾಡಬಹುದು. ಒಂದೇ ತುಂಡು ನಂಬಿ ಕೂರುವಂತಿಲ್ಲ, ರಾಶಿ ಬೇಕು. 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಲೆಕ್ಕ ಕೈಕೊಡುತ್ತದೆ.

ಕೆರಿಬಿಯನ್‌ನಲ್ಲಿ ಬಹುಕಾಲ ಸಂರಕ್ಷಣೆ ಎಂದರೆ ಧಣಿಯ ಬಂಗಲೆ, ಗಾಳಿಗಾಣಗಳ ದುರಸ್ತಿ ಎಂದೇ ಆಗಿತ್ತು. ಪ್ರವಾಸಿಗರಿಗೆ ಅದು ಚಂದ. ದುಡಿದವರ ಮರಿಮಕ್ಕಳೇ ಜರಡಿ ಹಿಡಿದಾಗ ಕೇಳುವ ಪ್ರಶ್ನೆ ಬೇರೆಯಾಗುತ್ತದೆ: ಸಕ್ಕರೆ ಎಷ್ಟು ಬಂತು ಎನ್ನುವುದಕ್ಕಿಂತ ನಮ್ಮಜ್ಜಿ ಹೇಗೆ ಬದುಕಿದಳು ಎನ್ನುವುದು ಮುಖ್ಯವಾಗುತ್ತದೆ. ಇದರಿಂದ ವಿಜ್ಞಾನದ ಬಿಗಿ ಸಡಿಲವಾಗುತ್ತದೆ ಎಂಬ ಗೊಣಗಾಟದಲ್ಲಿ ಹುರುಳಿಲ್ಲ. ರಂಧ್ರದ ಅಳತೆ ಯಾರು ಅಳೆದರೂ ಅದೇ.

ಸೇಂಟ್ ಕ್ರಾಯ್‌ನ ಗುಲಾಮರು ದಂಗೆಯೆದ್ದು 1848ರ ಜುಲೈ 3ರಂದು ಬಿಡುಗಡೆ ಪಡೆದರು. ಮರುವರ್ಷವೇ ಬಂದ ಕಾಯಿದೆ ಅವರನ್ನು ವರ್ಷದ ಕರಾರಿನಲ್ಲಿ ಮತ್ತೆ ಎಸ್ಟೇಟುಗಳಿಗೇ ಕಟ್ಟಿಹಾಕಿತು. ಆಳು ಸಾಲದೆ 1863ರಲ್ಲಿ ಕಲ್ಕತ್ತಾದಿಂದ ಮುನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಸೇಂಟ್ ಕ್ರಾಯ್‌ಗೆ ಸಾಗಿಸಿದರು. ನಮ್ಮ ಇತಿಹಾಸಕಾರರೂ ಆ ಕೇರಿಗಳತ್ತ ಒಮ್ಮೆ ಕಣ್ಣು ಹಾಯಿಸಬೇಕು.