ಭಟ್ಟಿಗೆ ತಾಮ್ರದ ಮಾಡು

ನೇಪಲ್ಸಿನ ಪಿಜ್ಜಾಕ್ಕೆ ಐರೋಪ್ಯ ಒಕ್ಕೂಟ 2010ರಲ್ಲಿ ಸಾಂಪ್ರದಾಯಿಕ ತಿನಿಸೆಂಬ ಮಾನ್ಯತೆ ಕೊಟ್ಟಾಗ, ಭಟ್ಟಿಯ ನೆಲ ಎಷ್ಟು ಕಾದಿರಬೇಕೆಂಬುದನ್ನೂ ಬರೆದಿಟ್ಟಿತು: ಸುಮಾರು 485 ಡಿಗ್ರಿ ಸೆಲ್ಸಿಯಸ್. ಅಷ್ಟು ಕಾವಿನಲ್ಲಿ ಪಿಜ್ಜಾ ಬೇಯಲು ಒಂದೂವರೆ ನಿಮಿಷ ಸಾಕು. ಅಡುಗೆಮನೆಯ ವಿದ್ಯುತ್ ಓವನ್ ಅದರ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಎಷ್ಟೋ ಜನ ಹಿತ್ತಲಲ್ಲಿ ತಾವೇ ಇಟ್ಟಿಗೆಯ ಗುಮ್ಮಟ ಕಟ್ಟಿಕೊಂಡು ಸೌದೆ ಉರಿಸುತ್ತಾರೆ. ಒಳಗೆ ಬೆಂಕಿ ತಾಳುವ ಇಟ್ಟಿಗೆ, ಅದರ ಮೇಲೆ ಸೆರಾಮಿಕ್ ನಾರಿನ ಹೊದಿಕೆ, ಆಮೇಲೆ ವರ್ಮಿಕ್ಯುಲೈಟ್ ಬೆರೆಸಿದ ಸಿಮೆಂಟಿನ ಪದರ. ಹೊರಮೈಗೆ ಹೆಚ್ಚಿನವರು ಗಾರೆ ಬಳಿದು ಸುಣ್ಣ ಹೊಡೆದು ಮುಗಿಸುತ್ತಾರೆ. ಕೆಲವರು ಮಾತ್ರ ತಾಮ್ರದ ತಗಡನ್ನು ಅಂಗೈಯಗಲದ ಬಿಲ್ಲೆಗಳಾಗಿ ಕತ್ತರಿಸಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸುತ್ತಾರೆ.

ಶಾಖವನ್ನು ಇಷ್ಟು ಚೆನ್ನಾಗಿ ಹರಿಸುವ ಲೋಹವನ್ನು ಭಟ್ಟಿಗೆ ಸುತ್ತಿದರೆ ಕಾವೆಲ್ಲ ಸೋರಿಹೋಗದೇ ಎಂಬ ಅನುಮಾನ ಬರುವುದು ಸಹಜ. ಲೆಕ್ಕದ ಮುಂದೆ ಅದು ನಿಲ್ಲುವುದಿಲ್ಲ. ಹತ್ತು ಸೆಂಟಿಮೀಟರ್ ದಪ್ಪದ ನಾರಿನ ಪದರವನ್ನು ದಾಟಿ ಚದರ ಮೀಟರಿಗೆ ಮುನ್ನೂರು, ಮುನ್ನೂರೈವತ್ತು ವ್ಯಾಟ್ ಹೊರಬರುತ್ತದೆ ಎಂದುಕೊಳ್ಳೋಣ. ಆ ನಾರಿನ ಒಳಮೈಗೂ ಹೊರಮೈಗೂ ಮುನ್ನೂರು ಡಿಗ್ರಿಯಷ್ಟು ಅಂತರವಿರುತ್ತದೆ. ಅರ್ಧ ಮಿಲಿಮೀಟರ್ ತಾಮ್ರದ ಎರಡು ಮೈಗಳ ನಡುವಿನ ಅಂತರವಾದರೋ ಡಿಗ್ರಿಯ ಸಾವಿರದಲ್ಲೊಂದು ಪಾಲೂ ಇಲ್ಲ. ಕಾವನ್ನು ಹಿಡಿದಿಡುವ ಕೆಲಸವೆಲ್ಲ ನಾರಿನದು. ತಾಮ್ರದ ಜಾಗದಲ್ಲಿ ಅಷ್ಟೇ ತೆಳುವಾದ ಗಾಜಿದ್ದರೂ ಭಟ್ಟಿಗೆ ವ್ಯತ್ಯಾಸ ತಿಳಿಯದು. ತಾಮ್ರದ ಹೊಳಪಿಗೆ ಮಾತ್ರ ಇಲ್ಲೊಂದು ಪಾತ್ರವಿದೆ. ಉಜ್ಜಿದ ತಾಮ್ರ ಅಷ್ಟೇ ಬಿಸಿಯ ಗಾರೆಗೆ ಹೋಲಿಸಿದರೆ ಹತ್ತನೇ ಒಂದು ಪಾಲಿನಷ್ಟೂ ಅವಕೆಂಪು ಕಿರಣ ಸೂಸುವುದಿಲ್ಲ. ಪಿಜ್ಜಾ ಮಾಡುವವರ ಕೈಯಲ್ಲಿ ಸದಾ ಇರುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಸ ತಾಮ್ರದತ್ತ ಹಿಡಿದರೆ ಅದು ತಣ್ಣಗಿದೆಯೆಂದು ಸುಳ್ಳು ಹೇಳುವುದು ಇದಕ್ಕೇ. ಅದನ್ನು ನಂಬಿ ಕೈಯಿಟ್ಟವರಿಗೆ ಸತ್ಯ ತಕ್ಷಣ ಗೊತ್ತಾಗುತ್ತದೆ!

ತಾಮ್ರಕ್ಕೆ ಅಲ್ಲಿರುವ ಕೆಲಸ ಮಳೆಯನ್ನು ತಡೆಯುವುದು. ನಾರೂ ವರ್ಮಿಕ್ಯುಲೈಟೂ ಶಾಖ ತಡೆಯುವುದು ತಮ್ಮೊಳಗೆ ಸಿಕ್ಕಿಬಿದ್ದ ಗಾಳಿಯಿಂದ. ಆ ಜಾಗಕ್ಕೆ ನೀರು ಬಂತೆಂದರೆ, ಅದು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖವನ್ನು ದಾಟಿಸುತ್ತದೆ. ಪದರಗಳಲ್ಲಿ ಹತ್ತು ಲೀಟರ್ ನೀರು ಸೇರಿಕೊಂಡಿದ್ದರೆ ಅದನ್ನು ಕಾಯಿಸಿ ಆವಿ ಮಾಡಲು 26 ಮೆಗಾಜೂಲ್ ಬೇಕು. ಒಣ ಸೌದೆಯ ಲೆಕ್ಕದಲ್ಲಿ ಸುಮಾರು ಎರಡು ಕಿಲೊ. ಉರಿಯ ಬಹುಪಾಲು ಹೊಗೆಯ ಜೊತೆ ಹೋಗುವುದರಿಂದ ನಿಜಕ್ಕೂ ಸುಡಬೇಕಾದ್ದು ಇದರ ಹಲವು ಪಟ್ಟು. ಆವಿಯಾದ ನೀರಿಗೆ ಮೊದಲಿಗಿಂತ 1,600 ಪಟ್ಟಿಗೂ ಹೆಚ್ಚು ಜಾಗ ಬೇಕು. ದಾರಿ ಸಿಗದಿದ್ದರೆ ಗಾರೆಯನ್ನೇ ಸೀಳುತ್ತದೆ, ಆ ಬಿರುಕಿನಿಂದ ಮುಂದಿನ ಮಳೆ ಒಳಗಿಳಿಯುತ್ತದೆ.

ಅಂದರೆ ಹೊದಿಕೆ ನೀರನ್ನು ಒಳಗೆ ಬಿಡಬಾರದು, ಆವಿಯನ್ನು ತಡೆಯಲೂಬಾರದು. ಕೆಳಗಿನ ಸಾಲಿನಿಂದ ಶುರುಮಾಡಿ, ಕೆಳಸಾಲಿನ ಸಂದಿಯ ಮೇಲೆ ಮೇಲುಸಾಲಿನ ಬಿಲ್ಲೆಯ ನಡುಭಾಗ ಬರುವಂತೆ ಹೊದಿಸಿದರೆ ಎರಡೂ ಆಗುತ್ತದೆ. ನೀರು ಒಂದರಿಂದ ಇನ್ನೊಂದಕ್ಕೆ ಜಾರಿ ಇಳಿಯುತ್ತದೆ, ಆವಿ ಸಂದಿಗಳಿಂದ ಹೊರಬೀಳುತ್ತದೆ. ಭದ್ರವಾಗಲೆಂದು ಪ್ರತಿ ಸಂದಿಗೂ ಸಿಲಿಕೋನ್ ಮೆತ್ತುವವರು ಈ ಉಪಾಯವನ್ನೇ ಕೆಡಿಸುತ್ತಾರೆ.

ಇಡೀ ತಗಡನ್ನೇ ಗುಮ್ಮಟಕ್ಕೆ ಯಾಕೆ ಸುತ್ತಬಾರದು? ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಮಡಿಸದೆ ಗೋಳದ ಮೇಲೆ ಕೂರಿಸಲಾಗದು ಎಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಬರುವ ಮಾತು. ತುಂಡು ಚಿಕ್ಕದಾದಷ್ಟೂ ತೊಡಕು ಕಡಿಮೆ, ಅದೂ ತುಂಬ ಬೇಗ ಕಡಿಮೆ. ಹೊರಗಿನ ತ್ರಿಜ್ಯ 60 ಸೆಂಟಿಮೀಟರ್ ಇರುವ ಗುಮ್ಮಟದ ಮೇಲೆ 30 ಸೆಂಟಿಮೀಟರ್ ಅಗಲದ ತುಂಡಿಟ್ಟರೆ ಅದರ ಅಂಚು ಸುಮಾರು 19 ಮಿಲಿಮೀಟರ್ ಮೇಲೆದ್ದು ನಿಲ್ಲುತ್ತದೆ. ಹತ್ತು ಸೆಂಟಿಮೀಟರಿನ ಬಿಲ್ಲೆಯಾದರೆ ಎರಡೇ ಮಿಲಿಮೀಟರ್, ಬೆರಳಲ್ಲಿ ಒತ್ತಿ ಬಗ್ಗಿಸಬಹುದು. ಬುಡದಲ್ಲಿ ಒಂದು ಸುತ್ತಿಗೆ ಇಂಥ 38 ಬಿಲ್ಲೆ ಹಿಡಿದರೆ, ಮೇಲೆ ಸುತ್ತಳತೆ ಅರ್ಧವಾಗುವಲ್ಲಿ 19 ಸಾಕು. ಹಾಗಾಗಿ ಏರುತ್ತ ಹೋದಂತೆ ಬಿಲ್ಲೆಯನ್ನು ಕಿರಿದು ಮಾಡಬೇಕು, ಇಲ್ಲವೇ ಎಣಿಕೆ ಇಳಿಸಬೇಕು. ನೆತ್ತಿಯಲ್ಲಿ ಇಳಿಜಾರೇ ಇಲ್ಲದ್ದರಿಂದ ಗಾಳಿಗೆ ನೀರು ಹಿಮ್ಮುಖವಾಗಿ ಸಂದಿಗೆ ನುಗ್ಗುತ್ತದೆ. ಅಲ್ಲಿಗೆ ಬಡಿದು ಮಾಡಿದ ಒಂದೇ ತುಂಡಿನ ಟೋಪಿಯೇ ಆಗಬೇಕು. ಬಡಿದಷ್ಟೂ ಗಡುಸಾಗುವುದು ತಾಮ್ರದ ಗುಣ; ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಿರಬೇಕು. ಹಂಡೆ ಬಡಿಯುವ ಕಂಚುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಿಸಿಗೆ ತಾಮ್ರ ಹಿಗ್ಗುವುದಕ್ಕೂ ಬಿಲ್ಲೆಗಳೇ ಪರಿಹಾರ. ಐವತ್ತು ಡಿಗ್ರಿ ಏರಿದರೆ ಬುಡದ ಸುತ್ತಳತೆಯಷ್ಟು ಉದ್ದದ ಪಟ್ಟಿ ಮೂರು ಮಿಲಿಮೀಟರ್ ಬೆಳೆಯುತ್ತದೆ. ಒಂದೊಂದು ಬಿಲ್ಲೆ ಬೆಳೆಯುವುದು ಕೂದಲೆಳೆಯಷ್ಟು, ಅದು ಅಂಚಿನ ಸಡಿಲದಲ್ಲೇ ಮುಗಿದುಹೋಗುತ್ತದೆ.

ಮೊಳೆಯ ವಿಷಯಕ್ಕೆ ಬಂದರೆ, ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿತ ಪಾಠವೊಂದಿದೆ. 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ಹುಳ ಕೊರೆಯದಂತೆ ತಾಮ್ರದ ತಗಡು ಹೊದಿಸಿದರು. ಅದೂ ಬಾಗಿದ ಮೈಗೆ ಚಪ್ಪಟೆ ತುಂಡುಗಳನ್ನು ಜೋಡಿಸುವ ಕೆಲಸವೇ. ವೆಸ್ಟ್ ಇಂಡೀಸಿಗೆ ಹೋಗಿಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ಗಟ್ಟಿಯಾಗಿತ್ತು, ಕಬ್ಬಿಣದ ಮೊಳೆಗಳು ಹಲವೆಡೆ ತಿಂದುಹೋಗಿದ್ದವು. ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದ ಕೆಲವು ಕಡೆ ಹಾಗೇ ಉಳಿದುಬಿಟ್ಟಿತ್ತು, ಅಲ್ಲಿ ಮಾತ್ರ ಮೊಳೆಗೆ ಏನೂ ಆಗಿರಲಿಲ್ಲ. ಎರಡು ಲೋಹಗಳು ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ. ಅದರಲ್ಲಿ ಕರಗುವುದು ಕಬ್ಬಿಣ. ವೋಲ್ಟಾ ಬ್ಯಾಟರಿ ಕಟ್ಟಲು ಆಗ ಇನ್ನೂ ನಾಲ್ಕು ದಶಕ ಬಾಕಿಯಿತ್ತು. ಭಟ್ಟಿಯ ಮೇಲೂ ನಿಯಮ ಇದೇ: ತಾಮ್ರಕ್ಕೆ ತಾಮ್ರದ ಅಥವಾ ಹಿತ್ತಾಳೆಯ ಮೊಳೆ. ತಾಮ್ರದಿಂದ ಇಳಿದ ಮಳೆನೀರು ಸತುವಿನ ಲೇಪದ ತಗಡಿನ ಮೇಲೆ ಬೀಳಲೂಬಾರದು.

ಬಣ್ಣ ಯಾರ ಮಾತನ್ನೂ ಕೇಳುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಗರ್ಭಗುಡಿಗೆ ಹೊದಿಸಿದ ತಾಮ್ರದ ಮಾಡನ್ನು ನೋಡಿದವರಿಗೆ ಗೊತ್ತು, ಹೊಸ ಹೊಳಪು ಬೇಗ ಕಂದಿಗೆ ತಿರುಗುತ್ತದೆ. ಅದು ತಾಮ್ರದ ಆಕ್ಸೈಡ್. ಹಸಿರು ಬರಲು ವರ್ಷಗಳೇ ಬೇಕು, ಜೊತೆಗೆ ತೇವವೂ ಗಾಳಿಯ ಗಂಧಕವೂ ಇಲ್ಲವೇ ಕಡಲಿನ ಉಪ್ಪೂ ಬೇಕು. ಆಗಾಗ ಕಾದು ಒಣಗುವ ಭಟ್ಟಿಗೆ ಕಪ್ಪು ಛಾಯೆ ಮೊದಲು, ಹಸಿರು ತಡವಾಗಿ. ಬಾಯಿಯ ಬಳಿ ಮಾತ್ರ ಎಚ್ಚರಿಕೆ ಬೇಕು. ಸೌದೆಯ ಹೊಗೆಯಲ್ಲಿ ಅಸಿಟಿಕ್ ಆಮ್ಲವಿರುತ್ತದೆ, ಅದು ತಾಮ್ರದ ಜೊತೆ ಸೇರಿ ಹುಟ್ಟಿಸುವ ಕಿಲುಬು ವಿಷ. ಆಹಾರ ತಾಗುವ ಕಡೆ ತಾಮ್ರ ಇರಬಾರದು.

ಮೇಲೆ ಹೇಳಿದ ಗುಮ್ಮಟದ ಹೊರಮೈ ಎರಡೂಕಾಲು ಚದರ ಮೀಟರ್. ಒಂದರ ಮೇಲೊಂದು ಬರುವುದರಿಂದ ತಗಡು ಅದರ ಇಮ್ಮಡಿ ಬೇಕು, ಅಂದರೆ ಸುಮಾರು ಇಪ್ಪತ್ತು ಕಿಲೊ ತಾಮ್ರ. ಇಷ್ಟು ಖರ್ಚು ಮಾಡಿದರೂ ಗುಮ್ಮಟವಷ್ಟೇ ಒಣಗಿರುತ್ತದೆ. ಬಾಯಿಯಿಂದ ಇರಚಲು ಹೊಡೆಯುತ್ತದೆ, ಕೆಳಗಿನ ಕಾಂಕ್ರೀಟ್ ಚಪ್ಪಡಿ ಹೀರಿದ ನೀರು ಇಟ್ಟಿಗೆಯ ನೆಲಕ್ಕೆ ಏರುತ್ತದೆ. ಜೋರು ಮಳೆಯ ಊರಿನಲ್ಲಿ ಭಟ್ಟಿ ಕಟ್ಟುವವರು ಮೊದಲು ನಾಲ್ಕು ಕಂಬ ನೆಟ್ಟು ಸೂರು ಹಾಕಿಕೊಳ್ಳುವುದು, ಚಪ್ಪಡಿಯ ಮೇಲೆ ನೀರು ಹೀರದ ಪದರವೊಂದನ್ನು ಹಾಸುವುದು ಮೇಲು. ಆಮೇಲೂ ದುಡ್ಡು, ಆಸೆ ಎರಡೂ ಉಳಿದಿದ್ದರೆ ತಾಮ್ರ ತರಬಹುದು.