ಬರೆಯದೆ ಉಳಿದ ಸಾಲುಗಳಿಗೂ ಲೆಕ್ಕ ಬೇಕು

2024ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ ಅವರು ತಮ್ಮ ಸಂಸ್ಥೆಯ ಹೊಸ ಕೋಡ್‌ನ ಕಾಲು ಭಾಗಕ್ಕಿಂತ ಹೆಚ್ಚನ್ನು ಕೃತಕ ಬುದ್ಧಿಮತ್ತೆಯೇ ಸಿದ್ಧಪಡಿಸುತ್ತಿದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪಿಕೊಳ್ಳುತ್ತಿದ್ದಾರೆ ಎಂದು ಪ್ರಕಟಿಸಿದರು. 2025ರಲ್ಲಿ ಮೈಕ್ರೊಸಾಫ್ಟ್‌ನ ಸತ್ಯ ನಾದೆಲ್ಲ ಅವರೂ ಇಂಥದೇ ಅಂಕಿಯನ್ನು ಮುಂದಿಟ್ಟರು. ಕೋಡ್ ಬರೆದವರು ಯಾರು ಎಂಬ ಚರ್ಚೆ ಎಲ್ಲೆಡೆ ನಡೆಯಿತು. ಅದರಲ್ಲಿ ಎಷ್ಟನ್ನು ಹೊಸದಾಗಿ ಬರೆಯುವ ಅಗತ್ಯವೇ ಇರಲಿಲ್ಲ ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಸರ್ಕಾರದ ಕಡತಗಳ ನಡುವೆ ವೃತ್ತಿಜೀವನ ಕಳೆದವನಾಗಿ, ನನಗೆ ಮುಖ್ಯವೆನಿಸುವುದು ಈ ಎರಡನೆಯ ಪ್ರಶ್ನೆಯೇ.

ಈ ಪ್ರಶ್ನೆ ಹೊಸದೇನಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಆಶ್ರಯದಲ್ಲಿ ನಡೆದ ಸಮ್ಮೇಳನದಲ್ಲಿ ಬೆಲ್ ಪ್ರಯೋಗಾಲಯದ ಡಗ್ಲಾಸ್ ಮೆಕಿಲ್ರಾಯ್ ಅವರು ತಂತ್ರಾಂಶವನ್ನೂ ಕಾರ್ಖಾನೆಯ ಬಿಡಿಭಾಗಗಳಂತೆ ತಯಾರಿಸಿ, ಒಮ್ಮೆ ಮಾಡಿದ್ದನ್ನು ಹಲವರು ಬಳಸುವಂತಾಗಬೇಕು ಎಂದು ವಾದಿಸಿದ್ದರು. ನಮ್ಮ ಲೋಕೋಪಯೋಗಿ ಇಲಾಖೆಗೆ ಇದು ಹಳೆಯ ಪಾಠ. ರಸ್ತೆಯ ಮೋರಿಗೂ ಶಾಲಾ ಕೊಠಡಿಗೂ ಮಾದರಿ ನಕ್ಷೆಗಳಿರುತ್ತವೆ. ಪ್ರತಿ ಹಳ್ಳಿಗೂ ಹೊಸ ನಕ್ಷೆ ಬರೆಯಲು ಯಾರೂ ಕೂರುವುದಿಲ್ಲ.

ಮರುಬಳಕೆಯ ಬೆಲೆ ಎದ್ದು ಕಾಣುವುದು ನಿಯಮ ಬದಲಾದಾಗ. 2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇ 5 ಅಥವಾ ಶೇ 18ರ ಹಂತಕ್ಕೆ ಇಳಿದವು. ತೆರಿಗೆ ಲೆಕ್ಕ ಹಾಕುವ ಕೋಡ್ ಒಂದೇ ಕಡೆ ಇದ್ದು ಬಿಲ್ಲಿಂಗ್, ದಾಸ್ತಾನು, ಲೆಕ್ಕಪತ್ರ ವಿಭಾಗಗಳೆಲ್ಲ ಅದನ್ನೇ ಬಳಸುವ ಕಂಪನಿಯಲ್ಲಿ ಬದಲಾವಣೆಯೂ ಒಂದೇ ಕಡೆ. ಪ್ರತಿ ತಂಡವೂ ತನ್ನದೇ ಲೆಕ್ಕಾಚಾರ ಬರೆದುಕೊಂಡಿದ್ದರೆ ಮೂವತ್ತು ಕಡೆ ಹುಡುಕಬೇಕು, ಮೂವತ್ತು ಕಡೆ ತಿದ್ದಬೇಕು, ಮೂವತ್ತು ಕಡೆ ಪರೀಕ್ಷಿಸಬೇಕು. ಕಣ್ತಪ್ಪಿ ಉಳಿದ ಒಂದು ಕಡೆಯಿಂದ ತಪ್ಪು ಬಿಲ್ಲು ಗ್ರಾಹಕನ ಕೈ ಸೇರುತ್ತದೆ.

ಇಷ್ಟು ಸರಳವಾದ ವಿವೇಕ ಕಂಪನಿಗಳಲ್ಲಿ ಏಕೆ ಬೇರೂರುವುದಿಲ್ಲ? ಎಂಜಿನಿಯರುಗಳ ಸೋಮಾರಿತನ ಅಥವಾ ಅಹಂಕಾರವೇ ಕಾರಣವೆಂದು ಹೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ದೋಷವಿರುವುದು ಲೆಕ್ಕದ ಪುಸ್ತಕದಲ್ಲಿ.

ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು

ಐಬಿಎಂ ಕಂಪನಿಯಲ್ಲಿ ಮರುಬಳಕೆಯ ಮಾಪನವನ್ನು ರೂಪಿಸಿದ ಜೆಫ್ರಿ ಪೋಲಿನ್ ಅವರು 1997ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರು ಬಳಸಿದ ಸರಾಸರಿ ಅಂದಾಜು ಹೀಗಿದೆ: ಒಂದು ತುಣುಕನ್ನು ಸ್ವಂತಕ್ಕಷ್ಟೇ ಬರೆಯುವ ವೆಚ್ಚ 1 ಎಂದುಕೊಂಡರೆ, ಇತರರೂ ಬಳಸುವಂತೆ ಬರೆಯಲು 1.5 ಬೇಕು, ಸಿದ್ಧವಾದುದನ್ನು ತಂದು ಬಳಸಲು 0.2 ಸಾಕು. ಇದನ್ನು ರೂಪಾಯಿಯಲ್ಲಿ ನೋಡೋಣ. ಹತ್ತು ಲಕ್ಷದ ಕೆಲಸವನ್ನು ಎರಡು ತಂಡಗಳು ಬೇರೆಬೇರೆಯಾಗಿ ಮಾಡಿದರೆ ಕಂಪನಿಗೆ ತಗಲುವುದು ಇಪ್ಪತ್ತು ಲಕ್ಷ. ಮೊದಲ ತಂಡ ಹದಿನೈದು ಲಕ್ಷದಲ್ಲಿ ಎಲ್ಲರಿಗೂ ಒದಗುವಂತೆ ಮಾಡಿ, ಎರಡನೆಯದು ಎರಡು ಲಕ್ಷದಲ್ಲಿ ಅದನ್ನು ಬಳಸಿಕೊಂಡರೆ ಹದಿನೇಳು ಲಕ್ಷ. ಮೂರನೆಯ ತಂಡವೂ ಸೇರಿದರೆ ಮೂವತ್ತರ ಕೆಲಸ ಹತ್ತೊಂಬತ್ತರಲ್ಲಿ ಮುಗಿಯುತ್ತದೆ.

ಕಂಪನಿಗೆ ಲಾಭವೆಂಬುದು ನಿಚ್ಚಳ. ಆದರೆ ಮೊದಲ ತಂಡದ ನಾಯಕನ ಸ್ಥಾನದಲ್ಲಿ ನಿಂತು ನೋಡಿ. ಆತನ ಖಾತೆಯಲ್ಲಿ ಐದು ಲಕ್ಷ ಹೆಚ್ಚುವರಿ ವೆಚ್ಚ, ಗಡುವು ಮೀರಿದ ಅಪಕೀರ್ತಿ. ಎಂಟು ಲಕ್ಷ ಉಳಿಸಿದ ಶ್ರೇಯಸ್ಸು ಎರಡನೆಯ ತಂಡದ ನಾಯಕನಿಗೆ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ. ಲಾಭ ಪರರಿಗೆ ಸಲ್ಲುವ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮಾಡೆಂದರೆ ಯಾರೂ ಸಾಕಷ್ಟು ಮಾಡುವುದಿಲ್ಲ. ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲೇ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಸ್ವಂತ ಉಪಯೋಗದ ಪ್ರೋಗ್ರಾಮನ್ನು ಎಲ್ಲರೂ ಬಳಸಬಲ್ಲ ಉತ್ಪನ್ನವಾಗಿಸಲು ಕನಿಷ್ಠ ಮೂರು ಪಟ್ಟು ವೆಚ್ಚವಾಗುತ್ತದೆ ಎಂದಿದ್ದರು. ಆ ಲೆಕ್ಕವನ್ನು ಹಿಡಿದರೆ ನಾಲ್ಕನೆಯ ತಂಡ ಬಳಸಿದಾಗಲಷ್ಟೇ ಕಂಪನಿ ಲಾಭ ಕಾಣುತ್ತದೆ. ಆದ್ದರಿಂದ ಎಲ್ಲವನ್ನೂ ಮರುಬಳಕೆಗೆ ಯೋಗ್ಯವಾಗಿ ಬರೆಯಿರಿ ಎಂಬ ಸುತ್ತೋಲೆಯೂ ಅವಿವೇಕವೇ. ಯಾವುದಕ್ಕೆ ನಾಲ್ಕು ಮಂದಿ ಗಿರಾಕಿಗಳಿದ್ದಾರೆ ಎಂದು ಮೊದಲು ನೋಡಬೇಕು.

ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಕೋಡ್ ಜಗತ್ತಿನ ಕಂಪ್ಯೂಟರುಗಳಲ್ಲಿ ಲೆಕ್ಕವಿಲ್ಲದಷ್ಟು ಕಡೆ ಹರಡಿದ್ದರಿಂದಲೇ 2000ನೇ ಇಸವಿಗೆ ಮುನ್ನ ನಮ್ಮ ಹುಡುಗರಿಗೆ ಅಪಾರ ಕೆಲಸ ಸಿಕ್ಕಿತು. ಮರುಬಳಕೆಯ ಅಭಾವ ನಮಗೆ ಅನ್ನ ಹಾಕಿದ್ದುಂಟು! ದುಡಿದ ಗಂಟೆಗಳಿಗೆ ಬಿಲ್ಲು ಮಾಡುವ ಕರಾರಿನಲ್ಲಿ, ಒಂದು ತಿಂಗಳ ಕೆಲಸವನ್ನು ಸಿದ್ಧ ತುಣುಕಿನಿಂದ ಒಂದು ವಾರದಲ್ಲಿ ಮುಗಿಸಿದ ಎಂಜಿನಿಯರ್ ಕಂಪನಿಯ ವರಮಾನವನ್ನೇ ಕಡಿಮೆ ಮಾಡುತ್ತಾನೆ. ಜೊತೆಗೆ, ಗಿರಾಕಿಗಾಗಿ ಬರೆದ ಕೋಡ್ ಗಿರಾಕಿಯದೇ ಸ್ವತ್ತೆಂದು ಅನೇಕ ಕರಾರುಗಳು ಹೇಳುತ್ತವೆ. ಅದನ್ನು ಮತ್ತೊಂದು ಕಡೆ ಬಳಸಿದರೆ ಕಾನೂನಿನ ತೊಡಕು. ಇಂಥ ಕಡೆ ಮರುಬಳಕೆಯ ಉಪನ್ಯಾಸಗಳಿಂದ ಏನೂ ಆಗದು. ಫಲಿತಾಂಶಕ್ಕೆ ಬೆಲೆ ಕಟ್ಟುವ ಮತ್ತು ಸಾಮಾನ್ಯ ಸ್ವರೂಪದ ಭಾಗಗಳ ಹಕ್ಕನ್ನು ಬರೆದವರಲ್ಲೇ ಉಳಿಸುವ ಕರಾರುಗಳು ಮೊದಲು ಬರಬೇಕು.

ಅಳತೆ ಹೇಗೆ?

ಕಾಮಗಾರಿಗಳಲ್ಲಿ ಅಳತೆ ಪುಸ್ತಕಕ್ಕೆ ಏರಿದ್ದಕ್ಕೆ ಮಾತ್ರ ಹಣ ಸಿಗುತ್ತದೆ. ಹೀಗಾಗಿ ಗುತ್ತಿಗೆದಾರನ ಗಮನವೆಲ್ಲ ಅಲ್ಲಿ ಏನು ಏರುತ್ತದೆ ಎಂಬುದರ ಮೇಲೆಯೇ. ತಂತ್ರಾಂಶದ ಅಳತೆ ಪುಸ್ತಕದಲ್ಲಿ ಬಹುಕಾಲ ಏರುತ್ತಿದ್ದದ್ದು ಬರೆದ ಸಾಲುಗಳ ಸಂಖ್ಯೆ. 1982ರಲ್ಲಿ ಆ್ಯಪಲ್ ಕಂಪನಿಯ ವ್ಯವಸ್ಥಾಪಕರು ಪ್ರತಿ ವಾರ ಬರೆದ ಸಾಲುಗಳ ಲೆಕ್ಕ ಕೇಳಲಾರಂಭಿಸಿದಾಗ, ಬಿಲ್ ಆಟ್ಕಿನ್ಸನ್ ಎಂಬ ಎಂಜಿನಿಯರ್ ಹಳೆಯ ಕೋಡನ್ನು ಸರಳಗೊಳಿಸಿ, ಅದರ ವೇಗವನ್ನೂ ಹಲವು ಪಟ್ಟು ಹೆಚ್ಚಿಸಿ, ನಮೂನೆಯಲ್ಲಿ ‘ಮೈನಸ್ 2000’ ಎಂದು ತುಂಬಿದರು. ಅವರಿಂದ ಆ ನಮೂನೆ ಕೇಳುವುದನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಲಾಯಿತಂತೆ.

ಸಾಲುಗಳ ಜಾಗದಲ್ಲಿ ‘ಮರುಬಳಕೆಯ ಶೇಕಡಾವಾರು’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಕೆಡುತ್ತದೆ ಎಂಬುದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ನಿಯಮ. ಶೇಕಡಾವಾರು ಏರಿಸಬೇಕೆಂದರೆ ಹಳೆಯ ಕೋಡನ್ನು ನಕಲು ಮಾಡಿ ಅಂಟಿಸಿ, ಅದನ್ನೇ ಮರುಬಳಕೆ ಎನ್ನಬಹುದು. ಪೋಲಿನ್ ಅವರ ಹೆಚ್ಚುಗಾರಿಕೆಯಿರುವುದು ಇಲ್ಲಿ. ಯಾವುದನ್ನು ಎಣಿಸಬಾರದು ಎಂಬುದಕ್ಕೆ ಅವರು ಕಟ್ಟುನಿಟ್ಟಿನ ನಿಯಮಗಳನ್ನಿಟ್ಟರು. ನಕಲು ಮಾಡಿ ತಿದ್ದಿಕೊಂಡದ್ದು ಮರುಬಳಕೆಯಲ್ಲ, ಏಕೆಂದರೆ ಅದನ್ನು ಮುಂದೆ ಪ್ರತ್ಯೇಕವಾಗಿಯೇ ಸಾಕಬೇಕು. ಒಂದೇ ತಂಡ ತನ್ನ ತುಣುಕನ್ನು ತಾನೇ ಹತ್ತು ಬಾರಿ ಕರೆದದ್ದು ಒಳ್ಳೆಯ ವಿನ್ಯಾಸ, ಅದು ಲೆಕ್ಕಕ್ಕೆ ಬಾರದು. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೊಂದಿಗೆ ಎಲ್ಲರಿಗೂ ಸಿಗುವುದೂ ಲೆಕ್ಕಕ್ಕಿಲ್ಲ. ಬೇರೆಯವರು ಬರೆದು ಬೇರೆಯವರೇ ಸಾಕುತ್ತಿರುವುದನ್ನು ಬದಲಿಸದೆ ಬಳಸಿದರಷ್ಟೇ ಅದು ಮರುಬಳಕೆ. ಅದನ್ನೂ ಸಾಲುಗಳಲ್ಲಿ ಹೇಳಿ ಸುಮ್ಮನಾಗದೆ, ತಪ್ಪಿದ ವೆಚ್ಚವಾಗಿ ಹಣದಲ್ಲಿ ಹೇಳಬೇಕು.

ಹೀಗೆ ಶ್ರದ್ಧೆಯಿಂದ ಅಳೆದವರಿಗೆ ಫಲವೂ ದೊರೆತಿದೆ. 1994ರಲ್ಲಿ ಪ್ರಕಟವಾದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಅಧ್ಯಯನವು, ಅಲ್ಲಿನ ಒಂದು ವಿಭಾಗದಲ್ಲಿ ಮರುಬಳಕೆಯಿಂದ ದೋಷಗಳು ಶೇ 51ರಷ್ಟು ಕಡಿಮೆಯಾದುದನ್ನೂ ಉತ್ಪಾದಕತೆ ಶೇ 57ರಷ್ಟು ಏರಿದುದನ್ನೂ ದಾಖಲಿಸಿತು.

ಉತ್ತೇಜನದ ವಿಷಯದಲ್ಲೂ ಹಳೆಯ ಅನುಭವಗಳಿವೆ. ಅಮೆರಿಕದ ಜಿಟಿಇ ಡೇಟಾ ಸರ್ವಿಸಸ್ ಕಂಪನಿ 1980ರ ದಶಕದಲ್ಲಿ, ಭಂಡಾರಕ್ಕೆ ಅಂಗೀಕೃತವಾದ ಪ್ರತಿ ತುಣುಕಿಗೆ 50ರಿಂದ 100 ಡಾಲರ್ ಬಹುಮಾನ ಕೊಡುತ್ತಿತ್ತು. ಬೇರೆ ತಂಡಗಳು ಬಳಸಿದಾಗ ಗೌರವಧನವನ್ನೂ ಸಲ್ಲಿಸುತ್ತಿತ್ತು. ಇದರಲ್ಲಿ ವಿವೇಕವಿರುವುದು ಗೌರವಧನದಲ್ಲಿ. ಬರೀ ಠೇವಣಿಗೆ ಬಹುಮಾನವಿಟ್ಟರೆ ಭಂಡಾರ ತುಂಬೀತು, ಬಳಸುವವರು ಬಾರರು. ಜಪಾನಿನ ತೋಷಿಬಾ ಕಂಪನಿ 1977ರಲ್ಲಿ ಫುಚುವಿನಲ್ಲಿ ಆರಂಭಿಸಿದ ತಂತ್ರಾಂಶ ಕಾರ್ಖಾನೆಯಲ್ಲಿ ಬಳಸುವವರ ಮೇಲೂ ಒತ್ತಡವಿತ್ತು. ಹಳೆಯ ಭಾಗಗಳನ್ನು ಬಳಸದೆ ಮುಟ್ಟಲಾಗದಂಥ ಉತ್ಪಾದಕತೆಯ ಗುರಿಯನ್ನು ವ್ಯವಸ್ಥಾಪಕರು ಒಪ್ಪಿಕೊಳ್ಳಬೇಕಾಗಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಕಾರಣವಿದ್ದರೆ ತಾನೆ ಸಂತೆ ನೆರೆಯುವುದು?

ನೀರುಗಂಟಿ ಇಲ್ಲದ ಕೆರೆ

ಎಲ್ಲರೂ ಬಳಸುವ ತುಣುಕು ಊರ ಕೆರೆಯಿದ್ದಂತೆ. ತೂಬು ನೋಡಿಕೊಳ್ಳಲು ನೀರುಗಂಟಿ ಬೇಕು, ಹೂಳೆತ್ತಲು ಹಣ ಬೇಕು. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂದಾಗ, ಅಂತರಜಾಲದ ಅಸಂಖ್ಯ ತಾಣಗಳ ಗೋಪ್ಯತೆ ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬೆರಳೆಣಿಕೆಯ ಜನ ನಿರ್ವಹಿಸುತ್ತಿದ್ದಾರೆ, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದೂ ಬಯಲಾಯಿತು. 2021ರ ಡಿಸೆಂಬರ್‌ನಲ್ಲಿ, ಸ್ವಯಂಸೇವಕರು ಸಾಕುತ್ತಿದ್ದ ಲಾಗ್‌ಫೋರ್‌ಜೆ ಎಂಬ ಭಾಗದ ದೋಷ ಜಗತ್ತಿನ ಕಂಪನಿಗಳನ್ನೆಲ್ಲ ಅಲುಗಿಸಿತು. ಸಾಮುದಾಯಿಕ ಸ್ವತ್ತು ಹಾಳಾಗಲೇಬೇಕೆಂಬ ವಿಧಿಯಿಲ್ಲ, ಬಳಸುವವರು ನಿಯಮ, ಉಸ್ತುವಾರಿ ಮತ್ತು ವಂತಿಗೆಯ ವ್ಯವಸ್ಥೆ ಮಾಡಿಕೊಂಡರೆ ಅದು ತಲೆಮಾರುಗಳ ಕಾಲ ಉಳಿಯುತ್ತದೆ ಎಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಕಂಪನಿಯೊಳಗಿನ ಭಂಡಾರಕ್ಕೂ ಈ ಮಾತು ಸಲ್ಲುತ್ತದೆ.

ಪ್ರತಿವಾದವನ್ನೂ ಗಮನಿಸಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲೇ ಛಿದ್ರವಾಯಿತು. ಏರಿಯಾನ್-4ರಲ್ಲಿ ಸರಿಯಾಗಿ ಕೆಲಸ ಮಾಡಿದ್ದ ಪಥದರ್ಶಕ ತಂತ್ರಾಂಶವನ್ನೇ ಅದರಲ್ಲೂ ಕೂರಿಸಲಾಗಿತ್ತು. ಹೊಸ ರಾಕೆಟ್ಟಿನ ವೇಗ ಬೇರೆಯಾಗಿದ್ದರಿಂದ 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕಾಚಾರಕ್ಕೆ ಏರಿಯಾನ್-5ರಲ್ಲಿ ಯಾವ ಕೆಲಸವೂ ಇರಲಿಲ್ಲವೆಂಬುದು ವಿಪರ್ಯಾಸ. ತುಣುಕಿನ ಜೊತೆಗೆ ಅದು ಯಾವ ಮಿತಿಯೊಳಗೆ ನಂಬಲರ್ಹ ಎಂಬ ಷರಾ ಬರಬೇಕು; ಹೊಸ ಜಾಗದಲ್ಲಿ ಮತ್ತೆ ಪರೀಕ್ಷೆಯಾಗಬೇಕು. ಆ ಖರ್ಚೂ ಲೆಕ್ಕದಲ್ಲಿರಲಿ.

ಸರ್ಕಾರವು ಈ ಕಂಪನಿಗಳ ದೊಡ್ಡ ಗಿರಾಕಿಯಾದುದರಿಂದ ಒಂದು ಮಾತು. ಸೇವೆಯಲ್ಲಿದ್ದಾಗ ಎರಡು ಇಲಾಖೆಗಳ ಗಣಕೀಕರಣದ ಪ್ರಸ್ತಾವಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದೆ. ಅರ್ಜಿ ಸ್ವೀಕಾರ, ಶುಲ್ಕ ಪಾವತಿ, ಸ್ವೀಕೃತಿ ಪತ್ರ, ಕಡತದ ಚಲನೆ, ಮೇಲ್ಮನವಿ ಇವು ಎರಡರಲ್ಲೂ ಇದ್ದವು. ಎರಡಕ್ಕೂ ಪ್ರತ್ಯೇಕ ಮಾನವ-ತಿಂಗಳುಗಳು, ಪ್ರತ್ಯೇಕ ಮೊತ್ತ. ಪ್ರತಿ ಟೆಂಡರೂ ನಿಯಮಬದ್ಧವಾದ್ದರಿಂದ ಲೆಕ್ಕಪರಿಶೋಧಕರು ಆಕ್ಷೇಪಿಸುವಂತಿರಲಿಲ್ಲ. ಒಂದೇ ಕೆಲಸಕ್ಕೆ ತೆರಿಗೆದಾರ ಎರಡು ಬಾರಿ ತೆತ್ತ. ಸರ್ಕಾರಿ ತಂತ್ರಾಂಶಗಳ ಮೂಲ ಕೋಡನ್ನು ತೆರೆದಿಟ್ಟು ಇಲಾಖೆಗಳು ಹಂಚಿಕೊಳ್ಳುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಅಮೆರಿಕ 2024ರ ಡಿಸೆಂಬರ್‌ನಲ್ಲಿ, ಇಲಾಖೆಗಳು ತಮಗಾಗಿ ಬರೆಸಿದ ಕೋಡನ್ನು ಪರಸ್ಪರ ಹಂಚಿಕೊಳ್ಳಬೇಕೆಂದು ಕಾನೂನನ್ನೇ ಮಾಡಿತು. ಟೆಂಡರ್ ನಮೂನೆಯಲ್ಲಿ ‘ಈ ಭಾಗ ಈಗಾಗಲೇ ಎಲ್ಲಿದೆ?’ ಎಂಬ ಅಂಕಣ ಬರುವವರೆಗೆ ನೀತಿ ಕಾಗದದಲ್ಲಿಯೇ ಉಳಿಯುತ್ತದೆ.

ಯಂತ್ರವೇ ಕ್ಷಣಾರ್ಧದಲ್ಲಿ ಕೋಡ್ ಬರೆದುಕೊಡುವಾಗ ಮರುಬಳಕೆಯ ತಾಪತ್ರಯವೇಕೆ ಎಂದು ಕೇಳುವವರಿದ್ದಾರೆ. ಅಗ್ಗವಾಗಿರುವುದು ಬರೆಯುವ ವೆಚ್ಚ. ಬರೆದದ್ದನ್ನು ಓದಿ ಅರಿಯುವ, ಪರೀಕ್ಷಿಸುವ, ನಿಯಮ ಬದಲಾದಾಗ ತಿದ್ದುವ ವೆಚ್ಚ ಪ್ರತಿ ನಕಲಿನೊಂದಿಗೂ ಬೆಳೆಯುತ್ತಲೇ ಹೋಗುತ್ತದೆ. ಆ ಹೊರೆ ಬೀಳುವುದು ಐದು ವರ್ಷಗಳ ನಂತರ ಆ ಕುರ್ಚಿಯಲ್ಲಿ ಕೂರುವ, ಇದಾವುದನ್ನೂ ಬರೆಯದ ಯಾರೋ ಎಂಜಿನಿಯರ್ ಮೇಲೆ.

ಕಂಪನಿಗಳು ಮಾಡಬೇಕಾದುದು ಬಹಳವೇನಿಲ್ಲ. ಸಾಮಾನ್ಯ ಭಾಗಗಳ ಹೆಚ್ಚುವರಿ ವೆಚ್ಚವನ್ನು ತಂಡದ ತಲೆಗೆ ಕಟ್ಟದೆ ಸಂಸ್ಥೆಯ ನಿಧಿಯಿಂದ ಭರಿಸಲಿ. ಪ್ರತಿ ಭಾಗಕ್ಕೂ ಹೆಸರಿರುವ ಒಬ್ಬ ಪಾಲಕನನ್ನು ನೇಮಿಸಿ, ಆ ಕೆಲಸವನ್ನು ಬಡ್ತಿಗೆ ಅರ್ಹವೆಂದು ಪರಿಗಣಿಸಲಿ. ವಾರ್ಷಿಕ ಮೌಲ್ಯಮಾಪನದ ನಮೂನೆಗೆ ಎರಡು ಅಂಕಣ ಸೇರಿಸಲಿ: ನೀವು ಮಾಡಿದ್ದನ್ನು ಈ ವರ್ಷ ಎಷ್ಟು ತಂಡಗಳು ಬಳಸಿದವು? ಬೇರೆಯವರು ಮಾಡಿದ್ದನ್ನು ಬಳಸಿ ನೀವು ಎಷ್ಟು ಉಳಿಸಿದಿರಿ? ಈ ಎರಡು ಪ್ರಶ್ನೆಗಳಿಗೆ ಸಂಬಳ ಹೆಚ್ಚಳದಲ್ಲಿ ತೂಕ ದೊರೆತ ದಿನ, ಮರುಬಳಕೆಯ ಬಗ್ಗೆ ಸುತ್ತೋಲೆ ಹೊರಡಿಸುವ ಅಗತ್ಯ ಬೀಳದು.