ಚೀಲದಲ್ಲಿ ಮೂರು ಡಿಸ್ಕ್, ಮೂರು ದಾರಿ



ಬಡಗಿಯ ಚೀಲದಲ್ಲಿ ಮೂರು ಸುತ್ತಿಗೆ ಇದ್ದು ಒಂದೂ ಉಳಿ ಇಲ್ಲದಿದ್ದರೆ ಅವನ ಕೆಲಸ ಸಾಗುತ್ತದೆಯೇ? ಇಲ್ಲ ಅಲ್ವಾ? ಡಿಸ್ಕ್ ಗಾಲ್ಫ್ ಆಡುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಉತ್ತರ ಸಿಗುವುದು ನೀವು ಓದುವ ಭೌತವಿಜ್ಞಾನದಲ್ಲೇ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಗಾಲ್ಫ್‌ನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಗುಳಿಗೆ ಬೀಳಿಸುತ್ತಾರೆ. ಡಿಸ್ಕ್ ಗಾಲ್ಫ್‌ನಲ್ಲಿ ಪ್ಲಾಸ್ಟಿಕ್ ಡಿಸ್ಕನ್ನು ಕೈಯಿಂದ ಎಸೆದು, ಸರಪಳಿಗಳು ನೇತಾಡುವ ಲೋಹದ ಬುಟ್ಟಿಗೆ ಹಾಕುತ್ತಾರೆ. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಅಮೆರಿಕದ ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟದ ಅಂಕಣವನ್ನು ರೂಪಿಸಿದರು. ಸರಪಳಿ ಬುಟ್ಟಿಯೂ ಅವರದೇ ಕಲ್ಪನೆ. 1983ರಲ್ಲಿ ಡೇವ್ ಡುನಿಪೇಸ್ ಅವರು ಅಂಚು ಇಳಿಜಾರಾಗಿ ಚೂಪಾಗುವ ಡಿಸ್ಕನ್ನು ತಂದರು. ಚೂಪು ಅಂಚು ಗಾಳಿಯನ್ನು ಸುಲಭವಾಗಿ ಸೀಳುವುದರಿಂದ ಡಿಸ್ಕ್ ಹೆಚ್ಚು ದೂರ ಹೋಗತೊಡಗಿತು.

ಈಗ ಆಟಗಾರರ ಚೀಲದಲ್ಲಿ ಹಲವು ಬಗೆಯ ಡಿಸ್ಕ್‌ಗಳಿರುತ್ತವೆ. ಬುಟ್ಟಿಯ ಹತ್ತಿರದಿಂದ ಹಾಕಲು ಪಟರ್, ನಡುದೂರಕ್ಕೆ ಮಿಡ್‌ರೇಂಜ್, ಅದಕ್ಕಿಂತ ದೂರಕ್ಕೆ ಫೇರ್‌ವೇ ಡ್ರೈವರ್, ಅತಿ ದೂರಕ್ಕೆ ಡಿಸ್ಟೆನ್ಸ್ ಡ್ರೈವರ್. ಮರಗಳ ನಡುವಿನ ಓಣಿಯಂಥ ಜಾಗದಲ್ಲಿ ದೂರವೂ ಬೇಕು, ಹಿಡಿತವೂ ಬೇಕು. ಅಲ್ಲಿ ಕೈಗೆ ಬರುವುದು ಹೆಚ್ಚಾಗಿ ಫೇರ್‌ವೇ ಡ್ರೈವರ್. ಹಾಗಾದರೆ ಮೂರನ್ನು ಮಾತ್ರ ಕೊಳ್ಳಲು ದುಡ್ಡಿದ್ದರೆ ಯಾವ ಮೂರು?

ಡಿಸ್ಕ್ ಯಾಕೆ ಬಾಗುತ್ತದೆ?

ಸೈಕಲ್ ಚಕ್ರವೊಂದನ್ನು ಬಿಚ್ಚಿ, ಅಚ್ಚಿನ ಎರಡೂ ತುದಿ ಹಿಡಿದುಕೊಂಡು, ಗೆಳೆಯನಿಗೆ ಜೋರಾಗಿ ತಿರುಗಿಸಲು ಹೇಳಿ. ಈಗ ಅಚ್ಚನ್ನು ಓರೆ ಮಾಡಲು ನೋಡಿ. ನೀವು ಒತ್ತಿದ ಕಡೆಗೆ ಅದು ವಾಲುವುದಿಲ್ಲ, ಅದಕ್ಕೆ ಲಂಬವಾದ ಇನ್ನೊಂದು ದಿಕ್ಕಿಗೆ ತಿರುಚಿಕೊಳ್ಳುತ್ತದೆ. ತಿರುಗುವ ವಸ್ತುಗಳ ಗುಣವೇ ಇದು.

ಹಾರುವ ಡಿಸ್ಕ್ ಕೂಡ ತಿರುಗುವ ಚಕ್ರವೇ. ಬಲಗೈ ಆಟಗಾರ ಎದೆಯ ಮುಂದಿನಿಂದ ಕೈ ಬೀಸಿ ಎಸೆದರೆ, ಮೇಲಿನಿಂದ ನೋಡುವವರಿಗೆ ಡಿಸ್ಕ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಗಾಳಿ ಅದನ್ನು ಮೇಲೆತ್ತುತ್ತದೆ. ಆದರೆ ಆ ಬಲ ಸದಾ ಡಿಸ್ಕ್‌ನ ನಟ್ಟನಡುವೆ ಬೀಳುವುದಿಲ್ಲ.

ಜವ ಹೆಚ್ಚಿರುವಾಗ, ಅಂದರೆ ಎಸೆದ ಹೊಸತರಲ್ಲಿ, ಮೇಲೆತ್ತುವ ಬಲ ನಡುವಿಗಿಂತ ಸ್ವಲ್ಪ ಹಿಂದೆ ಬೀಳಬಹುದು. ಆಗ ಅದು ಡಿಸ್ಕ್‌ನ ಮೂತಿಯನ್ನು ಕೆಳಗೆ ಒತ್ತಲು ನೋಡುತ್ತದೆ. ತಿರುಗುತ್ತಿರುವ ಡಿಸ್ಕ್ ಮೂತಿ ಬಗ್ಗಿಸುವ ಬದಲು ಬಲಕ್ಕೆ ವಾಲುತ್ತದೆ. ಜವ ಇಳಿದು ಡಿಸ್ಕ್ ಕೆಳಗಿಳಿಯತೊಡಗಿದಾಗ ಗಾಳಿ ಅಡಿಯಿಂದ ತಾಗುತ್ತದೆ, ಬಲದ ಬಿಂದು ಮುಂದಕ್ಕೆ ಸರಿಯುತ್ತದೆ. ಈಗ ಮೂತಿಯನ್ನು ಮೇಲೆತ್ತುವ ಒತ್ತಡ ಬಿದ್ದು, ಡಿಸ್ಕ್ ಎಡಕ್ಕೆ ವಾಲುತ್ತದೆ. ಮೊದಲಿನ ಬಾಗುವಿಕೆಗೆ ಆಟಗಾರರು ಟರ್ನ್ ಎನ್ನುತ್ತಾರೆ, ಕೊನೆಯದಕ್ಕೆ ಫೇಡ್. ಎಡಗೈಯವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು.

ನಾಲ್ಕು ಅಂಕಿಗಳ ಭಾಷೆ

ಹಲವು ಕಂಪನಿಗಳು ಪ್ರತಿ ಡಿಸ್ಕ್‌ಗೂ ನಾಲ್ಕು ಅಂಕಿ ಕೊಡುತ್ತವೆ. ಮೊದಲನೆಯದು ಸ್ಪೀಡ್: ಡಿಸ್ಕ್ ತನ್ನ ಗುಣ ತೋರಿಸಲು ಎಷ್ಟು ಜೋರಾಗಿ ಎಸೆಯಬೇಕು ಎಂಬುದರ ಸೂಚನೆ. ಎರಡನೆಯದು ಗ್ಲೈಡ್: ಗಾಳಿಯಲ್ಲಿ ತೇಲುವ ಗುಣ. ಮೂರನೆಯದು ಟರ್ನ್: ಋಣ ಸಂಖ್ಯೆ ದೊಡ್ಡದಾದಷ್ಟೂ ಬಲಕ್ಕೆ ಹೆಚ್ಚು ಬಾಗುತ್ತದೆ. ನಾಲ್ಕನೆಯದು ಫೇಡ್: ಹೆಚ್ಚಿದ್ದಷ್ಟೂ ಕೊನೆಗೆ ಎಡಕ್ಕೆ ಜೋರಾಗಿ ತಿರುಗುತ್ತದೆ.

ಇನೋವಾ ಕಂಪನಿಯ ಮೂರು ಫೇರ್‌ವೇ ಡ್ರೈವರ್‌ಗಳನ್ನು ನೋಡಿ:

ಲೆಪರ್ಡ್: 6, 5, –2, 1
ಟೀಬರ್ಡ್: 7, 5, 0, 2
ಫೈರ್‌ಬರ್ಡ್: 9, 3, 0, 4

ಕೊನೆಯ ಎರಡು ಅಂಕಿಗಳನ್ನು ಕೂಡಿಸಿ. ಲೆಪರ್ಡ್‌ಗೆ –1, ಟೀಬರ್ಡ್‌ಗೆ 2, ಫೈರ್‌ಬರ್ಡ್‌ಗೆ 4. ಮೊತ್ತ ಸಣ್ಣದಾದರೆ ಬಲಕ್ಕೆ ಒಲವು, ದೊಡ್ಡದಾದರೆ ಎಡಕ್ಕೆ. ಇದು ಅಂದಾಜಿನ ಲೆಕ್ಕ ಅಷ್ಟೇ, ಆದರೆ ಆಯ್ಕೆಗೆ ಸಾಕು. ಓಣಿ ಬಲಕ್ಕೆ ತಿರುಗಿದರೆ ಲೆಪರ್ಡ್, ನೇರವಾಗಿ ಹೋಗಿ ಕೊನೆಗೆ ಸ್ವಲ್ಪ ಎಡಕ್ಕೆ ಇಳಿಯಬೇಕಾದರೆ ಟೀಬರ್ಡ್, ಗಟ್ಟಿಯಾಗಿ ಎಡಕ್ಕೆ ತಿರುಗಲೇಬೇಕಾದರೆ ಫೈರ್‌ಬರ್ಡ್. ಒಂದು ಮಾಡದ ಕೆಲಸವನ್ನು ಇನ್ನೊಂದು ಮಾಡುತ್ತದೆ. ಒಂದಕ್ಕೊಂದು ಪೂರಕ ಅನ್ನುವುದು ಇದಕ್ಕೇ. ಮೂರೂ ಟೀಬರ್ಡ್‌ನಂಥವೇ ಆಗಿದ್ದರೆ ದುಡ್ಡು ಮೂರರದ್ದು, ದಾರಿ ಮಾತ್ರ ಒಂದೇ!

ಕೈ ಮತ್ತು ಗಾಳಿ

ಹಾಗಂತ ಅಂಕಿಗಳನ್ನೇ ನಂಬಿ ಕೂರುವಂತಿಲ್ಲ. ಹೊಸಬರ ಕೈಯಿಂದ ಡಿಸ್ಕ್ ನಿಧಾನವಾಗಿ ಹೊರಡುತ್ತದೆ. ಬಲಕ್ಕೆ ವಾಲಲು ಬೇಕಾದ ಜವವೇ ಬರದೆ, ಅದು ಬೇಗ ಎಡಕ್ಕೆ ತಿರುಗಿ ಬೀಳುತ್ತದೆ. ಹೀಗಾಗಿ ಅವರಿಗೆ ಲೆಪರ್ಡ್ ಬಲಕ್ಕೆ ಹೋಗುವ ಬದಲು ಬಹುಮಟ್ಟಿಗೆ ನೇರವಾಗಿಯೇ ಹೋದೀತು. ಮೊದಲು ಒಂದನ್ನೇ ಕೊಳ್ಳುವುದಾದರೆ ಅಂಥದ್ದನ್ನು ಕೊಂಡು, ಅದು ತಮ್ಮ ಕೈಯಲ್ಲಿ ಎತ್ತ ಹೋಗುತ್ತದೆಂದು ನೋಡಿಕೊಂಡು ಉಳಿದವನ್ನು ಆರಿಸುವುದು ಜಾಣತನ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಡಿಸ್ಕ್ ಗಂಟೆಗೆ 60 ಕಿ.ಮೀ. ಜವದಲ್ಲಿ ಹೊರಟು, ಎದುರಿನಿಂದ 15 ಕಿ.ಮೀ. ಗಾಳಿ ಬೀಸುತ್ತಿದ್ದರೆ, ಡಿಸ್ಕ್‌ಗೆ ತಾಗುವ ಗಾಳಿಯ ಜವ 75 ಕಿ.ಮೀ. ಜವ ಹೆಚ್ಚಿದರೆ ಏನಾಗುತ್ತದೆಂದು ಮೇಲೆ ನೋಡಿದೆವು: ಬಲಕ್ಕೆ ವಾಲುವುದು ಹೆಚ್ಚುತ್ತದೆ. ಹಾಗಾಗಿ ಎದುರುಗಾಳಿಯಲ್ಲಿ ಲೆಪರ್ಡ್ ಬಲಕ್ಕೆ ಉರುಳಿಹೋದೀತು, ಫೈರ್‌ಬರ್ಡ್ ತಡೆದುಕೊಳ್ಳುತ್ತದೆ. ಹಿಂದಿನಿಂದ ಬೀಸಿದರೆ 60ರಿಂದ 15 ಕಳೆಯಿರಿ. ಆಗ ಯಾವ ಡಿಸ್ಕ್ ಒಳ್ಳೆಯದು? ನೀವೇ ಹೇಳಿ.

ಇನ್ನೊಂದು ಸಂಗತಿ. ಮರಕ್ಕೆ, ನೆಲಕ್ಕೆ ಬಡಿದು ಸವೆದ ಡಿಸ್ಕ್‌ನ ಫೇಡ್ ನಿಧಾನಕ್ಕೆ ಕಡಿಮೆಯಾಗಿ, ಬಲಕ್ಕೆ ವಾಲುವ ಗುಣ ಹೆಚ್ಚುತ್ತದೆ. ಆದ್ದರಿಂದ ಅನುಭವಿಗಳು ಹಳೆಯದನ್ನು ಎಸೆಯುವುದಿಲ್ಲ. ಹೊಸ ಟೀಬರ್ಡ್ ಎಡಕ್ಕೆ ಇಳಿಯುವ ಕೆಲಸಕ್ಕಾದರೆ, ಸವೆದದ್ದು ನೇರ ದಾರಿಗೆ. ಒಂದೇ ಹೆಸರಿನ ಎರಡು ಡಿಸ್ಕ್ ಪೂರಕವಾಗುವುದು ಹೀಗೆ.

ಮಾಡಿ ನೋಡಿ

1. ನಿಯಮದಂತೆ ಡಿಸ್ಕ್‌ನ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಿ ದ್ರವ್ಯರಾಶಿ ಇರಬಾರದು. 21.2 ಸೆಂ.ಮೀ. ವ್ಯಾಸದ ಡಿಸ್ಕ್ ಹೆಚ್ಚೆಂದರೆ ಎಷ್ಟು ಗ್ರಾಂ ಇರಬಹುದು?

2. ಬಕೆಟ್‌ನ ಹಗುರ ಪ್ಲಾಸ್ಟಿಕ್ ಮುಚ್ಚಳ ಒಂದನ್ನು ತನ್ನಿ. ಮುಂದೆ ಯಾರೂ ಇಲ್ಲದ ಮೈದಾನದಲ್ಲಿ 20 ಮೀಟರ್ ಹಗ್ಗವನ್ನು ನೇರವಾಗಿ ಹಾಸಿ. ಹಗ್ಗದ ತುದಿಯಲ್ಲಿ ನಿಂತು ಎದುರುಗಾಳಿಗೆ 5 ಸಲ ಎಸೆಯಿರಿ. ನಂತರ ಇನ್ನೊಂದು ತುದಿಗೆ ಹೋಗಿ ಗಾಳಿಯ ಜೊತೆಗೆ 5 ಸಲ ಎಸೆಯಿರಿ. ಮುಚ್ಚಳ ಹಗ್ಗದಿಂದ ಎಷ್ಟು ಎಡಕ್ಕೆ ಅಥವಾ ಬಲಕ್ಕೆ ಬಿತ್ತೆಂದು ಅಳೆದು ಪಟ್ಟಿ ಮಾಡಿ. ಎರಡರ ಸರಾಸರಿಯಲ್ಲಿ ವ್ಯತ್ಯಾಸ ಕಂಡಿತೇ? ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ, ಕಾರಣವನ್ನು ನಿಮ್ಮದೇ ಮಾತಿನಲ್ಲಿ ಬರೆದು ವಿಜ್ಞಾನ ಶಿಕ್ಷಕರಿಗೆ ತೋರಿಸಿ.